ಸುಳ್ಳು ಚಳಿ

ಎಳ್ಳಮಾಸಿ ಆಗಿ ನಾಲ್ಕು ದಿನಕ್ಕ
ನೈಟ್ ಡ್ಯೂಟಿ ಮುಗಿಸಿ ಬಂದು, ಚಹಾ ಸುದ್ದಾ ಕುಡೀಲಾರದ
ಹಿತ್ತಲ ಸೇಬಿನ ಗಿಡದ ಎಲಿ ಕೀಳಾಕ ನಿಂತೆ.
ಒಂದೊಂದ ಎಲಿ. ತೊಟ್ಟು ಹಿಡಿದು, ಹಿಂದಕ್ಕ ಮಣಿಸಿ,
ಬುಡದ ಕಣ್ಣಿಗೆ ಪೆಟ್ಟಾಗದಂಗ.

ಹಟ್ಟಿ ಕ್ಯಾಂಪಿನೊಳಗ ಚಳಿ ಅಂದ್ರ
ಮುಂಜಾನಿ ಒಂದು ತಾಸು,
ಟ್ರಂಕಿನ್ಯಾಗಿಂದ ಸ್ವೆಟರು ಹುಡುಕೂದ್ರೊಳಗ ಮುಗೀತದ.
ಗಿಡಕ್ಕ ಅಷ್ಟು ಸಾಲೂದಿಲ್ಲ.
ಎಲಿ ಉದುರಿಸಿ, ಮಲಗಿ ಎದ್ದರ ಮಾತ್ರ ಹೂ ಬಿಡೂ ಜಾತಿ.
ಒದ್ದಿ ಗೋಣಿಯೊಳಗ ಸಸಿ ಸುತ್ತಿ ತಂದ
ಲೈನ್‌ಮನ್ ಚಾಂದಸಾಬ ಅವತ್ತ ಹೇಳಿದ್ದ:
"ಸಿಸ್ಟರ್, ಇದಕ್ಕೊಂದು ಸುಳ್ಳು ಹೇಳಬೇಕ್ರಿ,
ಚಳಿಗಾಲ ಬಂದು ಹೋತು ಅಂತ."

ಸುಳ್ಳು ನನಗೇನು ಹೊಸದಲ್ಲ.
ಇಪ್ಪತ್ತಾರು ವರ್ಷ ಸೂಜಿ ಹಿಡಕೊಂಡು
"ಇರುವಿ ಕಚ್ಚಿದಂಗ, ಅಷ್ಟ" ಅಂದಾಕಿ.

ಎಲಿ ಮುಗಿದ ಮ್ಯಾಲೆ ಕತ್ರಿ.
ಸ್ಪಿರಿಟ್ ಅದ್ದಿದ ಹತ್ತಿಲೆ ಅಲಗು ಒರಸಿ
ಮೊದಲು ಒಣಗಿದ್ದು,
ಆಮ್ಯಾಲೆ ಒಂದಕ್ಕೊಂದು ಮೈ ತಿಕ್ಕೂವು,
ಆಮ್ಯಾಲೆ ನೆಟ್ಟಗ ಮುಗಿಲಿಗೆ ಓಡಿ
ಒಂದು ಕಾಯಿನೂ ಕೊಡದ ಸೊಕ್ಕಿನ ಚಿಗುರು.
ಹೊರಮುಖದ ಕಣ್ಣು ನೋಡಿ
ಅದರ ಮ್ಯಾಲೆ ಕಡ್ಲಿಕಾಳಿನಷ್ಟು ಬಿಟ್ಟು
ವಾರೆ ಕತ್ತರಿಸಬೇಕು, ನೀರು ನಿಲ್ಲಬಾರದು.
ನಡುವ ಗುಬ್ಬಿ ಹಾರಿ ಹೋಗೂವಷ್ಟು ಬಯಲು.
ಗಾಯಕ್ಕ ಮೈಲುತುತ್ತ ಸುಣ್ಣ ಕಲಸಿ ಹಚ್ಚಿದೆ.
ಕೈ ಚಟ ಬಿಡಲಿಲ್ಲ,
ದೊಡ್ಡದಕ್ಕೊಂದು ಬ್ಯಾಂಡೇಜು ಸುತ್ತಿದೆ.

ಗೋಡಿ ಆಚಿಂದ ಅಂಬ್ರಮ್ಮ ನೋಡಿದಳು.
"ಹಸುರು ಗಿಡಾನ ಬೋಳಿಸ್ಯಾಳ, ಕೈ ಹೆಂಗ ಬಂತೋ."
ಅವತ್ತಿಂದ ಮಾತು ಬಿಟ್ಟಳು, ಮಜ್ಜಿಗಿ ಕೊಡೂದೂ ಬಿಟ್ಟಳು.

ಗೋಡಿ ಕಡಿ ಟೊಂಗಿ ಒಂದು ಮಾತ್ರ ಉಳಿದಿತ್ತು.
ಕೈ ಸೋತಿತ್ತು. ಇಲ್ಲಾ, ಮನಸು.

ಶಿವರಾತ್ರಿ ಮುಂದ ಬೋಳು ಕಡ್ಡಿ ತುಂಬ ಹೂ,
ಕೂಸಿನ ಉಗುರಿನ ಬಣ್ಣದವು.
ಅಂಬ್ರಮ್ಮ ಗೋಡಿ ಮ್ಯಾಲೆ ಮಜ್ಜಿಗಿ ತಂಬಿಗಿ ಇಟ್ಟಳು,
ಏನೂ ಅನಲಿಲ್ಲ.
ಉಳಿದ ಟೊಂಗಿ ಹಸುರಾಗೇ ಇತ್ತು. ಒಂದು ಮೊಗ್ಗಿಲ್ಲ.

ಅದನ್ನ ನೋಡಿದಾಗ ಮೌನೇಶ ನೆನಪಾಗ್ತಾನ,
ಆರನೇ ನಂಬರ್ ಕಾಟಿನಂವ, ಎದಿ ತುಂಬ ಧೂಳಿನಂವ.
"ಸಿಸ್ಟರ್, ಖರೇ ಹೇಳ್ರಿ" ಅಂದಿದ್ದ.
ಹೇಳಿದ್ದೆ. ಅಂವೊಬ್ಬನಿಗೆ.
ಗೋಣು ಹಾಕಿ, ಕಿಡಕಿ ಕಡಿ ಹೊರಳಿ ಮಲಗಿದ.

ಬ್ಯಾಸಿಗಿ ನಡುವ ಹನ್ನೊಂದು ಕಾಯಿ.
ಮೂರು ಗಿಳಿಗೆ, ಒಂದು ಅಳಿಲಿಗೆ.
ಈ ಬಿಸಿಲಿಗೆ ಬಣ್ಣ ಕೂಡೂದಿಲ್ಲ, ಒಂದು ಗಲ್ಲ ಅಷ್ಟ ಕೆಂಪು.
ಹುಳಿ. ಮಾವಿನಕಾಯಿಗೆ ಹಚ್ಚಿದಂಗ ಉಪ್ಪು ಖಾರ ಹಚ್ಚಿ
ಅಂಬ್ರಮ್ಮ, ಚಾಂದಸಾಬ, ನಾನು ಹಿತ್ತಲದಾಗ ತಿಂದ್ವಿ,
ಬಿಸಿಲು ಬಂದಂಗ ಸರಕೊಂತ ಸರಕೊಂತ
ಕಡೀಕ ಹೋಗಿ ಕುಂತದ್ದು
ಅದ ಟೊಂಗಿಯ ದಟ್ಟ ನೆರಳಿಗೆ.

"ಬರೂ ವರ್ಷ ಇದರದೂ ಕಿತ್ತಬಿಡ್ರಿ" ಅಂದ ಚಾಂದಸಾಬ.
ನಾ ಬೀಜ ಉಗುಳಿ
"ನೋಡೂಣ" ಅಂದೆ,
ವಾರ್ಡಿನೊಳಗ ಅನ್ನೂವಂಗ.