ಚೀಲ + ಚೀಲ

ದುಧನಿಯ ಅಡತಿ ಅಂಗಡಿಯಲ್ಲಿ
ಕೂಡುವ ಗುರುತಿಗೆ ಹೊಸ ನಡತೆ ಕಲಿಸುತ್ತ ಕೂತಿದ್ದೇನೆ.
ಎರಡು ಮತ್ತು ಮೂರು ಕೊಟ್ಟರೆ ಅದಕ್ಕೆ ಹುಟ್ಟಾ ಗೊತ್ತು.
ಚೀಲ ಮತ್ತು ಚೀಲ ಕೊಟ್ಟರೆ
ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡುತ್ತದೆ.

ಚೀಲ ಎಂಬುದು ನಾನೇ ಕಟ್ಟಿದ ಕ್ಲಾಸು.
ಒಳಗೆ ತೂಕ, ತೇವ, ಊರು, ಯಾರ ಹೊಲದ್ದೆಂಬ ಹೆಸರು.
ತೂಕ ಕೂಡಲಿ, ಸರಿ.
ತೇವ ಕೂಡಬಾರದು, ನಡುವೆ ಎಲ್ಲೋ ನಿಲ್ಲಬೇಕು.
ಹೆಸರು?
ಹೆಸರಿಗೆ ಹೆಸರು ಕೂಡಿದರೆ ಎಷ್ಟೆಂದು
ಯಾವ ಮಗ್ಗಿಪುಸ್ತಕದಲ್ಲೂ ಇಲ್ಲ.

ಹಮಾಲ ಸಾತಲಿಂಗ ಬಾಗಿಲಿಗೆ ಆತು ನಿಂತ:
"ಮುಂಜಾನಿಂದ ಅದಕ್ಕ ಏನ್ ಕಲಸ್ಲತ್ತೀರಿ, ಜಗದೇವಕ್ಕ?"
"ಕೂಡೋದು."
"ಹತ್ತ್ ವರ್ಷ ಆಯ್ತ್ರಿ, ಇಲ್ಲಿ ನನಗ ಕೂಡು ಅಂದೋರಿಲ್ಲ,"
ಎಂದು ಕ್ವಿಂಟಾಲು ತೊಗರಿ ಬೆನ್ನಿಗೇರಿಸಿಕೊಂಡು ಹೋದ.

ಎಡಕ್ಕೆ ನಿಂತವನ ಮಾತೇ ಇಲ್ಲಿ ಮೊದಲು.
ಅವನು ಗೊತ್ತಿಲ್ಲ ಅಂದರೆ ಬಲದವನನ್ನು ಕೇಳುತ್ತದೆ.
ಇಬ್ಬರೂ ತಲೆಯಾಡಿಸಿದರೆ ದೋಷ.
ನನಗಿದು ಹೊಸದಲ್ಲ.
ಅಪ್ಪನ ಪಹಣಿ ಅಫಜಲಪುರದ್ದು, ನನ್ನ ಜನ್ಮದಾಖಲೆ ಅಕ್ಕಲಕೋಟದ್ದು;
ಸೋಲಾಪುರದ ಕಿಟಕಿ ಮಾಹೀತ್ ನಾಹಿ ಅಂದಿತ್ತು,
ಕಲಬುರಗಿಯ ಕಿಟಕಿ ಆ ಕಡೆ ಕೇಳ್ರಿ ಅಂದಿತ್ತು,
ದೋಷ ಮಾತ್ರ ತಪ್ಪದೆ ನನ್ನ ಹೆಸರಿಗೆ ಬಂದಿತ್ತು.

ಊಟವಾದ ಮೇಲೆ ಕಳೆಯುವ ಗುರುತು.
ಚೀಲಕ್ಕೆ ಒಂದು ಕಿಲೋ ಕಳೆಯುವುದು ಈ ಅಂಗಡಿಯ ರೂಢಿ,
ಧೂಳಿಗೆ, ಇಲಿಗೆ, ಕೈ ಹಾಕಿ ನೋಡಿದ ಹಿಡಿಗೆ,
ಇನ್ನೇನೂ ಸಿಗದಿದ್ದರೆ ಗಾಳಿಗೆ.
ಕಳೆದದ್ದು ಎಲ್ಲಿ ಹೋಯಿತೆಂದು
ಕೆಂಪು ರಟ್ಟಿನ ಕೀರ್ದಿ ಎಂದೂ ಬಾಯಿಬಿಟ್ಟಿಲ್ಲ.
ಏಳು ಸಾಲು ಬರೆದೆ.
ಇನ್ನು ಕಳೆದರೆ, ಯಾರಿಗೆ ಎಂದು ಕೇಳುತ್ತದೆ.
ಹೆಸರು ಕೊಡದೆ ಮುಂದೆ ಸರಿಯುವುದಿಲ್ಲ.

ಸಂಜೆ ಧನಶೆಟ್ಟಿ ಸಾವಕಾರರು ಒಂದು ಕಿಲೋ ಕಳೆದು ನೋಡಿದರು.
ಪರದೆ ಕೇಳಿತು.
ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು.
ಮತ್ತೂ ಕೇಳುತ್ತಲೇ ಇತ್ತು.
"ಮೊದಲಿಂದೇ ಚಲೋ ಇತ್ತಲ್ಲವಾ ತಂಗಿ,
ಪಾಪ, ಬಾಯಿದ್ದಿಲ್ಲ ಅದಕ್ಕ."

ನಾಳೆ ಅಳಿಸು ಅನ್ನುತ್ತಾರೋ ಏನೋ.
ಕೀಲಿಗಳ ಸಂದಿಯಲ್ಲಿ ತೊಗರಿ ಹೊಟ್ಟು.
ಕೊನೆಯ ಚೀಲ ಇಳಿಸಿ ಒಳಬಂದ ಸಾತಲಿಂಗನ ಕಡೆ
ಇದ್ದೊಂದು ಸ್ಟೂಲು ದೂಡಿ
ಕೂಡು ಅಂದೆ.

ಅವನು ಮೊದಲು ಪರದೆಯ ಕಡೆ ನೋಡಿದ.