ಉಪ್ಪು ಎಂದೇ ಕೇಳಿಸುತ್ತದೆ

ಬ್ಲಫ್ ಊರಿನ ತುದಿಗೆ ರಸ್ತೆ ಮುಗಿಯುತ್ತದೆ.
ಆಮೇಲೆ ಗಾಳಿ, ಒಂದು ದ್ವೀಪ,
ಆಮೇಲೆ ಹಿಮದವರೆಗೂ ನೀರು.

ಬೆಳಗ್ಗೆ ಐದಕ್ಕೆ ಸಿಂಪಿ ಬಿಚ್ಚುವ ಶೆಡ್ಡಿನಲ್ಲಿ
ನಾವು ಹನ್ನೊಂದು ಮಂದಿ,
ಎಡಗೈಗೆ ಗವಸು, ಬಲಗೈಗೆ ಚೂರಿ.
ಮುತ್ತು ಸಿಗುತ್ತದೆಯೇ ಎಂದು ಕೇಳುವವರು ಪ್ರವಾಸಿಗರು.
ಕಿವಿಗೆ ಮಾತ್ರ ಕೆಲಸವಿಲ್ಲ,
ಅದಕ್ಕೇ ಆ ಹಾಡು.

ಆ ಬ್ಯಾಂಡಿನ ಹೆಸರು ಹೇಳಿದರೆ
ಪಕ್ಕದ ಇನ್ವರ್‌ಕಾರ್ಗಿಲ್‌ನಲ್ಲೇ ಹುಬ್ಬೇರಿಸುತ್ತಾರೆ.
ಎರಡು ಕ್ಯಾಸೆಟ್, ಒಂದು ಸೀಡಿ,
ಒಬ್ಬರಿಗೆ ಮಗು, ಇನ್ನೊಬ್ಬರಿಗೆ ಆಸ್ಟ್ರೇಲಿಯಾ,
ಮುಗಿಯಿತು ಚರಿತ್ರೆ.

ಆದರೆ ಆ ಎರಡು ನಿಮಿಷ ನಲವತ್ತು ಸೆಕೆಂಡು!

ಶುರುವಿಗೆ ಗಿಟಾರಲ್ಲ, ಆಂಪ್ಲಿಫೈಯರಿನ ಗೊರಕೆ,
ಯಾರೋ ಸ್ವಿಚ್ ಹಾಕಿ ಮರೆತ ಹಾಗೆ.
ಕಿವಿಗೊಟ್ಟರೆ ಅದರೊಳಗೆ ಮೀನುದೋಣಿಯ ರೇಡಿಯೋ:
ಅಲೆಯ ಎತ್ತರ, ಗಾಳಿಯ ದಿಕ್ಕು, ಒಂದು ಬೈಗುಳ.
ಆಮೇಲೆ ಡ್ರಮ್, ಅರ್ಧ ಪೆಟ್ಟು ತಡವಾಗಿ,
ಹೊರಟ ಬಸ್ಸಿಗೆ ಓಡಿ ಬಂದು ಹತ್ತಿದವಳಂತೆ.
ಅವಳಿಗಾಗಿ ಇಡೀ ಹಾಡು
ಚೂರೇ ಚೂರು ನಿಧಾನವಾಗುತ್ತದೆ.
ನನ್ನ ಮದುವೆಯಲ್ಲೂ ನನಗಾಗಿ ಯಾರೂ ಇಷ್ಟು ಕಾದಿರಲಿಲ್ಲ.

ಬೇಸ್ ತಾಗುವುದು ಹೊಟ್ಟೆಗೆ,
ಹಸಿವಿನ ಜಾಗಕ್ಕಿಂತ ಒಂದು ಬೆರಳು ಕೆಳಗೆ.
ಲಾಕ್ಲನ್ ಹಾಡುವುದಿಲ್ಲ,
ಸಾಮಾನಿನ ಚೀಟಿ ಓದುತ್ತಾನೆ:
ಅಡುಗೆಮನೆಯ ದೀಪ ಉರಿಯಲಿ ಬಿಡು,
ನಾಯಿ ನಿನಗೆ, ಬಕೆಟ್ಟು ನನಗೆ,
ಗೋಡೆಯ ಮೊಳೆ ಗೋಡೆಗೆ.

ಆಹಾ, ಗೋಡೆಯ ಮೊಳೆ ಗೋಡೆಗೆ!
ಮನೆಯೊಂದು ಮುರಿಯುವುದನ್ನು
ಇಷ್ಟು ಕಡಿಮೆ ಸಾಮಾನಿನಲ್ಲಿ ಹೇಳಿದವರನ್ನು ನಾ ಕಾಣೆ.

ಆಮೇಲೆ ಪಲ್ಲವಿ, ಒಂದೇ ಸಲ
(ಎರಡನೆಯ ಸಲಕ್ಕೆ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ):
ಉಳಿದದ್ದೆಲ್ಲಾ ನನ್ನ ಉಪ್ಪು,
ಉಳಿದದ್ದೆಲ್ಲಾ ನನ್ನ ಉಪ್ಪು.

ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ಮಣಿಕಟ್ಟಿನ ಗೀರಿನಲ್ಲಿ, ಕಿಟಕಿಯ ಗಾಜಿನ ಮೇಲೆ,
ಅಣ್ಣ ಟಿಪೆನೆಯ ವ್ಯಾನಿನ ತುಕ್ಕಿನಲ್ಲಿ ಇದ್ದದ್ದು ಅದೇ.
ಆ ವ್ಯಾನಿನಲ್ಲೇ ಅವನು ಮೊದಲು ಈ ಹಾಡು ಹಾಕಿದ್ದು,
ಆ ವ್ಯಾನಿನ ವಿಷಯಕ್ಕೇ ನಾವು ಮಾತು ಬಿಟ್ಟಿದ್ದು.

ಹೋದ ಮಂಗಳವಾರ ಔಷಧಿ ಅಂಗಡಿಯ ಸಾಲಿನಲ್ಲಿ ಮೊರಾಗ್.
ಹೌದು, ಡ್ರಮ್ಮಿನ ಮೊರಾಗ್!
ಈಗ ಶಾಲೆಯ ಬಸ್ಸು ಓಡಿಸುತ್ತಾಳೆ
(ತಡವಾಗಿಯೇ ಬರುತ್ತದಂತೆ).
ಬಾಯಿಗೆ ಬಂದಂತೆ ಹೊಗಳಿದೆ,
ಉಪ್ಪಿನ ಸಾಲು ಹೇಳಿ ಎದೆ ಮುಟ್ಟಿಕೊಂಡೆ.
ಅವಳು ನಕ್ಕಳು: "ಉಪ್ಪಲ್ಲ ಮಾರಾಯ್ತಿ, ತಪ್ಪು.
ಉಳಿದದ್ದೆಲ್ಲಾ ನನ್ನ ತಪ್ಪು.
ಲಾಕ್ಲನ್‌ಗೆ ಅವತ್ತು ನೆಗಡಿ."

ಔಷಧಿ ಮರೆತು ಮನೆಗೆ ಬಂದೆ.
ಹಾಡು ಹಾಕಿದೆ: ತಪ್ಪು.
ಮತ್ತೆ ಹಾಕಿದೆ: ತಪ್ಪು.
ಎಷ್ಟು ನಿಚ್ಚಳ, ಕಿವುಡರಿಗೂ ಕೇಳುವಷ್ಟು.
ಒಬ್ಬ ಮನುಷ್ಯ ಕ್ಷಮೆ ಕೇಳುತ್ತಿದ್ದುದನ್ನು
ಇಷ್ಟು ವರ್ಷ ರುಚಿ ಎಂದು ಚಪ್ಪರಿಸಿದೆನೇ?

ಉಪ್ಪು ತಿಂದವರು ನೀರು ಕುಡಿಯಬೇಕು.
ಕುಡಿದೆ, ನಲ್ಲಿಗೇ ಬಾಯಿಟ್ಟು, ರಾತ್ರಿ ಒಂದು ಗಂಟೆಗೆ.
ವ್ಯಾನು ಮಾರಿದ್ದು ನಾನು.
ದುಡ್ಡಿನ ಲೆಕ್ಕ ಕೊಡದೆ ಇದ್ದದ್ದೂ ನಾನೇ.

ಮಾರನೆಯ ಬೆಳಗ್ಗೆ ಚೂರಿಯ ತಾಳಕ್ಕೆ
ಬಾಯಿಗೆ ಬಂದದ್ದು ಮತ್ತೆ ಉಪ್ಪೇ.
ಪಕ್ಕದ ಬೆಂಚಿನ ರಂಗಿ ದನಿಗೂಡಿಸಿದ,
ಅವನದು "ಉಳಿದದ್ದೆಲ್ಲಾ ನನ್ನ ಚಿಪ್ಪು."
ಹತ್ತು ಮಂದಿಯೂ ನಕ್ಕರು.

ಇನ್ನೊಂದು ಹೇಳಲು ಮರೆತೆ.
ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ,
ಪಲ್ಲವಿಗೆ ತುಸು ಮುಂಚೆ,
ಕುರ್ಚಿಯೊಂದು ಕಿರ್ರೆನ್ನುತ್ತದೆ.
ರೆಕಾರ್ಡ್ ಮಾಡಿದ್ದು ರಗ್ಬಿ ಕ್ಲಬ್ಬಿನ ಹಾಲಿನಲ್ಲಿ.
"ಅದು ನಮ್ಮದಲ್ಲ," ಅಂದಿದ್ದಳು ಮೊರಾಗ್,
"ನಾನು ಕೂತಿದ್ದು ಬಣ್ಣದ ಡಬ್ಬದ ಮೇಲೆ."
ಯಾರೋ ಎದ್ದು ಹೋಗಲು ಹೊರಟು
ಮತ್ತೆ ಕೂತ ಸದ್ದು ಅದು.

ಟಿಪೆನೆಯ ನಂಬರು ಹಳೆಯದು,
ಇನ್ನೂ ಅವನದೋ ಅಲ್ಲವೋ.
ಹಾಡು ಹಾಕಿಟ್ಟು ಒತ್ತಿದ್ದೇನೆ.
ಆ ಕಡೆ ರಿಂಗಾಗುತ್ತಿದೆ.
ಒಂದು ನಿಮಿಷ ಹತ್ತು.
ಹನ್ನೊಂದು.