ಷರಾ

ಸತ್ತ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ
ಮೊದಲು ಬಂದದ್ದು ವಾಸನೆ: ಹುಳಿತ ಕಾಕಂಬಿ.
ಆಮೇಲೆ ಇರುವೆ. ಸಾಲು ಗೀಲು ಏನಿಲ್ಲ,
ಮದುವೆಮನೆಯಲ್ಲಿ ಎಲೆ ಎತ್ತಿದ ಮೇಲಿನ ಜನದ ಹಾಗೆ.
ಫ್ಯಾನಿನ ರೆಕ್ಕೆಗೆ ರಚ್ಚಿನ ನಯ ಧೂಳು
ಹಳೇ ಹಾಸಿಗೆಯ ಹತ್ತಿಯಂತೆ ಗಟ್ಟಿ ಕೂತಿತ್ತು.
ನಿಂಗರಾಜು ಎರಡು ಬೆರಳಲ್ಲಿ ಎತ್ತಿ ಹಿಡಿದು
"ಮೇಡಮ್, ಇದನ್ನ ಬಾಯ್ಲರಿಗೇ ಹಾಕ್ಬೋದು" ಅಂದ.
ಎರಡು ಹಂಗಾಮಿನಲ್ಲಿ ಇದು ಮೂರನೆಯದು.

ಆಫೀಸಿಗೆಂದು ಮಾಡಿದ ಪೆಟ್ಟಿಗೆ, ಪಾಪ.
ತಾನು ತಣ್ಣಗಿರಲು ಸುತ್ತಲ ಗಾಳಿಯನ್ನೆಲ್ಲ ಒಳಗೆಳೆಯುತ್ತದೆ.
ಇಲ್ಲಿಯ ಗಾಳಿ ಎಂಥದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.
ಕಬ್ಬು ಅರೆಯುವ ತಿಂಗಳಲ್ಲಿ ಮಂಡ್ಯದ ಗಾಳಿಯನ್ನು
ಒಣಹಾಕಿದ ಬಿಳಿ ಪಂಚೆಯಲ್ಲಿ ನೋಡಬೇಕು:
ಸಂಜೆಗೆ ಕರಿ ಚುಕ್ಕಿ, ಮುಟ್ಟಿದರೆ ಅಂಟು.

ಮೂರು ಕೊಟೇಶನ್ ಬಂದವು.
ಒಂದನ್ನು ಓದುತ್ತಲೇ ಬಿಟ್ಟೆ, ಒಳಗೆ ತಿರುಗುವ ಡಿಸ್ಕು.
ಗಿರಣಿಯ ರೋಲರು ಹೊರಳಿದರೆ
ನನ್ನ ಟೇಬಲ್ಲಿನ ಟೀಯಲ್ಲೇ ಉಂಗುರ ಏಳುತ್ತದೆ,
ಆ ಸಣ್ಣ ಸೂಜಿ ಎಲ್ಲಿ ನಿಂತೀತು?

ಎರಡನೆಯದನ್ನು ಹೊತ್ತು ಮೈಸೂರಿನ ಹೆಬ್ಬಾಳದಿಂದ
ಪದ್ಮಪ್ರಸಾದ್ ಬಂದ, ಇಸ್ತ್ರಿ ಮುರಿಯದ ಅಂಗಿ.
ಫ್ಯಾನೇ ಇಲ್ಲ ಮೇಡಮ್, ಬೆನ್ನಲ್ಲೇ ಬಿಸಿ ಬಿಡುತ್ತೆ.
ಐಪಿ ಅರವತ್ತೈದು.
ಆರು ಅಂದರೆ ಧೂಳಿಗೆ ಬಾಗಿಲಿಲ್ಲ,
ಐದು ಅಂದರೆ ಪೈಪು ಹಿಡಿದು ತೊಳೆದರೂ ಸೈ.
ಪರದೆ ಗಾಜಿನದು, ಸವರಿದರೆ ಸಾಕು, ಮೊಬೈಲಿನ ಹಾಗೆ ಓಡುತ್ತೆ.
ಓಡಿತು, ಅವನ ಬೆರಳಿಗೆ.
ನನ್ನ ಬೆರಳಿಗೂ.

ಪ್ಯಾನಿನ ಮಹಡಿಗೆ ಹೊತ್ತೊಯ್ದೆವು.
ಬೋರಲಿಂಗಯ್ಯ ಕುದಿಯುವ ಪಾಕ ತೆಗೆದು
ಹೆಬ್ಬೆರಳು ತೋರುಬೆರಳ ನಡುವೆ ಎಳೆ ನೋಡುತ್ತಿದ್ದ,
ಮೂವತ್ತೊಂದು ಹಂಗಾಮಿನಿಂದ ನೋಡುತ್ತಿರುವ ಎಳೆ.
ಲ್ಯಾಬಿನ ಚೀಟಿ ಮೆಟ್ಟಿಲು ಹತ್ತುವ ಹೊತ್ತಿಗೆ
ಅವನು ವಾಲ್ವ್ ತಿರುವಿ ಆಗಿರುತ್ತದೆ.
ಕೈ ಒರೆಸಿಕೊಂಡು ಪರದೆ ಮುಟ್ಟಿದ.
ಏನೂ ಆಗಲಿಲ್ಲ.
ಇನ್ನೊಂದು ಸಲ. ಉಗುರಲ್ಲಿ. ಎಡಗೈಯಲ್ಲಿ.
ಗಾಜು ತನ್ನ ಪಾಡಿಗೆ ಹೊಳೆಯುತ್ತಿತ್ತು.
"ಯಾಕವ್ವ, ನಾನಿಲ್ವಾ ಇಲ್ಲಿ?"
ನಗಿಸಲಿಕ್ಕೇ ಅಂದದ್ದು. ನಿಂಗರಾಜು ನಕ್ಕ.
ಪದ್ಮಪ್ರಸಾದ್ ಸೆಟ್ಟಿಂಗಿಗೆ ಹೋಗಿ ಏನೇನೋ ಒತ್ತಿದ.
ನಾನು ಬೆರಳ ತುದಿ ನೋಡಿದೆ: ಗೆರೆಯೇ ಇಲ್ಲ,
ಒನಕೆಯ ಹಿಡಿಯಷ್ಟು ನುಣುಪು, ಅಷ್ಟೇ ಒಣ.
ರೇಷನ್ ಅಂಗಡಿಯ ಮಿಷನ್ನೂ ಅವನನ್ನು ಒಪ್ಪುವುದಿಲ್ಲವಂತೆ.
ಹೆಂಡತಿ ಹೋಗಿ ಒತ್ತಿ ಅಕ್ಕಿ ತರುತ್ತಾಳೆ.

ಮೂರನೆಯದು ಮಂಕು. ಬಿಸಿಲು ಬಿದ್ದ ಗೋಡೆಯ
ಹಳೆ ಕ್ಯಾಲೆಂಡರಿನಂಥ ಬಣ್ಣ, ಪ್ಲಾಸ್ಟಿಕ್ ಪರದೆ.
ಸವರಿದರೆ ಕೇಳುವುದಿಲ್ಲ, ಒತ್ತಬೇಕು.
ಒತ್ತಿದವರು ಯಾರೆಂದು ಮಾತ್ರ ವಿಚಾರಿಸುವುದಿಲ್ಲ:
ಗ್ಲೌಸು, ಪೆನ್ನಿನ ಹಿಂಬದಿ, ಪಾಕ ಮೆತ್ತಿದ ಹೆಬ್ಬೆರಳು.
ಬೆಲೆ ಹದಿನೆಂಟು ಸಾವಿರ ಜಾಸ್ತಿ.

ಖರೀದಿ ಸಮಿತಿಯಲ್ಲಿ ಅಕೌಂಟ್ಸಿನ ಇನಾಯತುಲ್ಲಾ ಸಾಹೇಬರು
ಕನ್ನಡಕ ಹಣೆಗೇರಿಸಿದರು.
ಹಳೇ ಕಾಲದ ಪರದೆ, ಕಮ್ಮಿ ಬೆಳಕು, ಹೆಚ್ಚು ದುಡ್ಡು.
ಕಾರಣ?
ಫಾರ್ಮಿನಲ್ಲಿ ಎಲ್ಲಕ್ಕೂ ಒಂದೊಂದು ಸಾಲಿತ್ತು,
ಶಾಖಕ್ಕೆ, ಅದುರುವಿಕೆಗೆ, ತೇವಕ್ಕೆ, ಇಪ್ಪತ್ತನಾಲ್ಕು ವೋಲ್ಟಿಗೆ.
ಬೆರಳಿಗೆ ಇರಲಿಲ್ಲ.
ಷರಾ ಎಂಬ ಕೊನೆಯ ಇಕ್ಕಟ್ಟು ಕಾಲಮ್ಮಿನಲ್ಲಿ
'ಬೋರಲಿಂಗಯ್ಯನ ಕೈ' ಎಂದು ಬರೆದೆ. ಹೊಡೆದುಹಾಕಿದೆ.
'ಸ್ಥಳದ ಪರಿಸ್ಥಿತಿಗೆ ಅನುಗುಣವಾಗಿ' ಎಂದು ಬರೆದೆ.
ಸಹಿ ಬಿತ್ತು.

ಈಗ ಅದು ಪ್ಯಾನಿನ ಪಕ್ಕದ ಕಂಬಕ್ಕೆ ಕೂತಿದೆ.
ಸದ್ದೇ ಇಲ್ಲ. ಮೊದಲ ವಾರ ಬೋರಲಿಂಗಯ್ಯನಿಗೆ ಗುಮಾನಿ.
ಗಳಿಗೆಗೊಮ್ಮೆ ಅದರ ಬೆನ್ನಿನ ಏಣುಗಳ ಮೇಲೆ
ಅಂಗೈ ಇಡುತ್ತಿದ್ದ, ಮಲಗಿದ ಎತ್ತಿನ ಪಕ್ಕೆ ಮುಟ್ಟುವ ಹಾಗೆ.
"ಬೆಚ್ಚಗೈತೆ ಕಣವ್ವ. ಬದುಕೈತೆ."
ಎಳೆಯನ್ನು ಇವತ್ತಿಗೂ ಬೆರಳಲ್ಲೇ ನೋಡುತ್ತಾನೆ,
ಆಮೇಲೆ ಒತ್ತುತ್ತಾನೆ. ಪರದೆಯ ಬಲಮೂಲೆಯಲ್ಲಿ
ಒಂದೇ ಜಾಗಕ್ಕೆ ಬಿದ್ದು ಬಿದ್ದು ಹಳದಿ ಕಲೆ.
ಒರೆಸಲು ಬಂದ ಹುಡುಗನಿಗೆ ಅದೊಂದು ಬಿಡು ಅಂದಿದ್ದೇನೆ.

ಹಳೆಯ ಪೆಟ್ಟಿಗೆ ಸ್ಟೋರಿನಲ್ಲಿದೆ,
ರೈಟ್ ಆಫ್ ಮಾಡುವ ಕಾಗದ ಇನ್ನೂ ಬಂದಿಲ್ಲ.
ಇರುವೆಗಳೂ ಬಿಟ್ಟು ಹೋಗಿಲ್ಲ.